ಲ್ಯಾಬಿಗಿಂತ ಮೊದಲು ಸ್ಟಾಫ್ ರೂಮು

ಶಾಲೆಗಳಲ್ಲಿ ಮುಕ್ತ ತಂತ್ರಾಂಶ ಬೇಕು ಎನ್ನುವವರೆಲ್ಲ ಕೇರಳದತ್ತ ಬೊಟ್ಟು ಮಾಡುತ್ತಾರೆ. ಅಲ್ಲಿ ಲೈಸೆನ್ಸಿನ ಕೋಟ್ಯಂತರ ರೂಪಾಯಿ ಉಳಿಯಿತು, ಉತ್ಸಾಹಿ ಸ್ವಯಂಸೇವಕರು ಸಿಕ್ಕರೆ ನಮ್ಮಲ್ಲೂ ಹಾಗೇ ಆದೀತು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ನಾನೂ ಈ ಚಳವಳಿಯ ಪಕ್ಷದವನೇ. ಒಂದು ಕಂಪನಿಯ ಸರಕನ್ನೇ ಕಂಪ್ಯೂಟರ್ ಎಂದು ತಿಳಿದು ಸರ್ಕಾರಿ ಶಾಲೆಯ ಮಗು ಬೆಳೆಯಬಾರದು. ಆದರೆ ಈ ಮಾತಿನ ಎರಡೂ ಭಾಗಗಳಿಗೆ ನನ್ನ ತಕರಾರಿದೆ.

ಮೊದಲು ದುಡ್ಡಿನ ವಾದ. ಅದು ವಿಧಾನಸೌಧದಲ್ಲಿ ನಡೆದೀತು, ಶಾಲೆಯಲ್ಲಿ ನಡೆಯುವುದಿಲ್ಲ. ಯಂತ್ರದ ಜತೆಗೇ ವಿಂಡೋಸ್ ಬಂದಿರುತ್ತದೆ, ಇಲ್ಲವೇ ಯಾರೋ ಪೈರೇಟೆಡ್ ಪ್ರತಿ ಹಾಕಿಕೊಟ್ಟಿರುತ್ತಾರೆ. ಹೆಡ್‌ಮಾಸ್ಟರ ಕೈಯಿಂದ ಬಿಡಿಗಾಸೂ ಹೋಗಿರುವುದಿಲ್ಲ. ನಾಳೆ ಕಂಪನಿಯೇ ಪುಕ್ಕಟೆ ಕೊಡುತ್ತೇನೆಂದು ಬಂದರೆ ಈ ವಾದ ಅಲ್ಲಿಗೇ ಮುಗಿಯಿತು.

ಇನ್ನು ಕೇರಳ. ಅಲ್ಲಿನ ಸರ್ಕಾರದ ಐಟಿ@ಸ್ಕೂಲ್ ಯೋಜನೆ ಶುರುವಾದ 2001ರಲ್ಲೇ ಮುಕ್ತ ತಂತ್ರಾಂಶ ಚಳವಳಿಯನ್ನು ಹುಟ್ಟುಹಾಕಿದ ರಿಚರ್ಡ್ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದಿದ್ದರು, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಭಾರತ ಶಾಖೆಯೂ ಅಲ್ಲೇ ಹುಟ್ಟಿತು. ಕಾರ್ಯಕರ್ತರ ಪಾತ್ರ ದೊಡ್ಡದು, ನಿಜ. ಆದರೆ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಗಿ ಬೆಳೆಯುವ ಮಟ್ಟಿಗೆ ಆ ಯೋಜನೆ ಉಳಿದದ್ದು ಬೇರೆ ಕಾರಣಕ್ಕೆ. ಅಲ್ಲಿ ಮಾಸ್ಟರ್ ಟ್ರೈನರುಗಳಾದವರು ಪಾಠ ಮಾಡುತ್ತಿದ್ದ ಶಿಕ್ಷಕರೇ. ಶಾಲೆಯಲ್ಲಿ ಐಟಿ ಹೊಣೆ ಹೊತ್ತವರೂ ಅಲ್ಲಿನ ಶಿಕ್ಷಕರೇ. ಪಠ್ಯ, ಪರೀಕ್ಷೆ ಎರಡೂ ಮುಕ್ತ ತಂತ್ರಾಂಶದ ಮೇಲೆಯೇ ನಿಂತವು. ನಮ್ಮಲ್ಲಿ ಬಹುಪಾಲು ಮಕ್ಕಳಿಗೆ ಕಂಪ್ಯೂಟರ್ ಎಸ್ಸೆಸ್ಸೆಲ್ಸಿಯ ವಿಷಯವೇ ಅಲ್ಲ. ಶಿಕ್ಷಕರು, ಪಠ್ಯ, ಪರೀಕ್ಷೆಯ ಆ ವ್ಯವಸ್ಥೆಯನ್ನು ಬಿಟ್ಟು ಬರೀ ಉತ್ಸಾಹವನ್ನು ಕೇರಳದಿಂದ ತಂದರೆ ಏನಾದೀತು?

ಭಾನುವಾರದ ಇನ್‌ಸ್ಟಾಲ್ ಶಿಬಿರವಾಗುತ್ತದೆ. ಬೆಂಗಳೂರಿನಿಂದ ಹುಡುಗ ಹುಡುಗಿಯರು ಬರುತ್ತಾರೆ, ಲ್ಯಾಬಿನ ಯಂತ್ರಗಳಿಗೆಲ್ಲ ಉಬುಂಟು ಲಿನಕ್ಸ್ ಹಾಕುತ್ತಾರೆ, ಮಕ್ಕಳು ಟಕ್ಸ್ ಪೇಂಟಿನಲ್ಲಿ ಚಿತ್ರ ಬಿಡಿಸುತ್ತಾರೆ. ಸೋಮವಾರ ಕನ್ನಡ ಮೇಷ್ಟ್ರು ತಮ್ಮ ಪೆನ್ ಡ್ರೈವ್ ಹಾಕುತ್ತಾರೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಲಿಬ್ರೆ ಆಫೀಸಿನಲ್ಲಿ ತೆರೆಯುತ್ತದೆ. ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ನುಡಿಯ ಆ ಕಾಲದ ಕಡತಗಳಲ್ಲಿ ಇರುವುದು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರಕ್ಕೆ ಅದು ಕನ್ನಡವೆಂದೇ ಗೊತ್ತಾಗುವುದಿಲ್ಲ. ಹೋಗಲಿ, ಹೊಸದಾಗಿ ಟೈಪ್ ಮಾಡೋಣವೆಂದು ಕೂತರೆ ಕೀಲಿಮಣೆ ಇನ್‌ಸ್ಕ್ರಿಪ್ಟ್. ಅವರ ಬೆರಳಿಗೆ ರೂಢಿಯಾದದ್ದು ಕೆ.ಪಿ. ರಾಯರ ವಿನ್ಯಾಸ. ಸೆಟ್ಟಿಂಗಿನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಲ್ಲಿ ಅದೂ ಇದೆ. ಅದನ್ನು ಆರಿಸಿಕೊಟ್ಟವರಿಲ್ಲ, ಯಾಕೆಂದರೆ ಬಂದವರಲ್ಲಿ ಕನ್ನಡದಲ್ಲಿ ಟೈಪ್ ಮಾಡುವವರೇ ಇರಲಿಲ್ಲ. ‘ಉಬುಂಟುನಲ್ಲಿ ಕನ್ನಡ ಬರಲ್ಲ’ ಎಂಬ ತೀರ್ಮಾನ ಸ್ಟಾಫ್ ರೂಮಿನಲ್ಲಿ ಹುಟ್ಟುವುದು ಹೀಗೆ. ವಿಂಡೋಸ್ ವಾಪಸ್ ಬರುತ್ತದೆ.

ಹಳೆಯ ಎನ್‌ಕೋಡಿಂಗಿನ ತಪ್ಪನ್ನು ನಮ್ಮ ತಲೆಗೆ ಯಾಕೆ ಕಟ್ಟುತ್ತೀರಿ ಎಂದು ಸ್ವಯಂಸೇವಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯೂನಿಕೋಡ್ ಕನ್ನಡವನ್ನು ಲಿನಕ್ಸ್ ಚೆನ್ನಾಗಿಯೇ ತೋರಿಸುತ್ತದೆ. ಆದರೆ ತಪ್ಪು ಯಾರದೆಂದು ತೀರ್ಮಾನವಾದ ಮಾತ್ರಕ್ಕೆ ಮೇಷ್ಟ್ರ ಕಡತ ತೆರೆದುಕೊಳ್ಳುವುದಿಲ್ಲ. ನುಡಿಯ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳೇ ಬರೆದು ಮುಕ್ತವಾಗಿ ಬಿಟ್ಟಿದ್ದಾರೆ. ಈ ಚಳವಳಿ ಹೆಮ್ಮೆಪಡಬೇಕಾದ ಕೆಲಸವದು. ಶಿಬಿರದ ಪಟ್ಟಿಯಲ್ಲಿ ಅದಕ್ಕೇ ಜಾಗವಿಲ್ಲ.

ಕರ್ನಾಟಕದಲ್ಲೇ ಬೇರೆ ಮಾದರಿಯೂ ಇದೆ. 2011ರಲ್ಲಿ ಶಿಕ್ಷಣ ಇಲಾಖೆ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆ ಆರಂಭಿಸಿದವು. ಅಲ್ಲಿ ಶಿಕ್ಷಕರು ಮುಕ್ತ ತಂತ್ರಾಂಶದಲ್ಲಿ ತಮ್ಮ ಪಾಠಕ್ಕೆ ಬೇಕಾದದ್ದನ್ನು ತಾವೇ ಮಾಡಿಕೊಂಡು ಹಂಚಿಕೊಳ್ಳಲು ಕಲಿತರು. ಗಣಿತದ ಟೀಚರ್ ಜಿಯೋಜಿಬ್ರಾದಲ್ಲಿ ತ್ರಿಭುಜದ ಒಂದು ಶೃಂಗವನ್ನು ಎಳೆದಾಡಿದಾಗ ಮೂರೂ ಕೋನ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಇಷ್ಟು ಕಂಡ ಟೀಚರಿಗೆ ತಂತ್ರಾಂಶ ಸ್ವಾತಂತ್ರ್ಯದ ಭಾಷಣ ಬೇಕಿಲ್ಲ. (ಜಿಯೋಜಿಬ್ರಾದ ಪರವಾನಗಿ ವಾಣಿಜ್ಯ ಬಳಕೆಗೆ ಷರತ್ತು ಹಾಕುತ್ತದೆ, ಅದು ಪೂರ್ತಿ ಮುಕ್ತವಲ್ಲ ಎನ್ನುವ ಶುದ್ಧತಾವಾದಿಗಳ ಮಾತು ಸರಿಯೇ. ಆ ಚರ್ಚೆ ನಡೆಯಲಿ, ತರಗತಿ ಅದಕ್ಕಾಗಿ ಕಾಯಬೇಕಿಲ್ಲ.)

ಎಷ್ಟು ಶಾಲೆ ಮುಟ್ಟಿದೆವು, ಎಷ್ಟು ಯಂತ್ರಕ್ಕೆ ಲಿನಕ್ಸ್ ಹಾಕಿದೆವು ಎಂಬ ಲೆಕ್ಕ ನನಗೆ ಮುಖ್ಯವೆನಿಸುವುದಿಲ್ಲ. ಆರು ತಿಂಗಳ ಮೇಲೆ ಆ ಯಂತ್ರವನ್ನು ಶಿಕ್ಷಕರು ಯಾತಕ್ಕೆ ಬಳಸುತ್ತಿದ್ದಾರೆ ಎಂದು ನೋಡಬೇಕು. ಅದನ್ನು ನೋಡಲು ಮತ್ತೆ ಅದೇ ಶಾಲೆಗೆ ಹೋಗಬೇಕು, ಹಾಗೆ ಹೋಗುವವರು ಕಡಿಮೆ.

ಶಿಬಿರ ನಡೆಸುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಈ ವರ್ಷ ಹತ್ತು ಶಾಲೆ ಬೇಡ, ಒಂದನ್ನು ಹಿಡಿಯಿರಿ. ಮೊದಲು ಸ್ಟಾಫ್ ರೂಮಿಗೆ ಹೋಗಿ, ಮೇಷ್ಟ್ರ ಪೆನ್ ಡ್ರೈವ್ ಕೇಳಿ ಪಡೆಯಿರಿ. ಅದರಲ್ಲಿರುವ ಹಳೆಯ ಪ್ರಶ್ನೆಪತ್ರಿಕೆಗಳು ಯೂನಿಕೋಡಿಗೆ ಬಂದು, ಹೊಸದೊಂದನ್ನು ಅವರೇ ಕಗಪದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಯುವ ತನಕ ಮಕ್ಕಳ ಲ್ಯಾಬಿಗೆ ಕೈ ಹಾಕಬೇಡಿ.