ಕಕ್ಕಯ್ಯನ ಆರು ವಚನ, ಗಣಕದ ಎಣಿಕೆ

1

ವಚನಗಳಲ್ಲಿ ಜಾತಿಯ ಪ್ರಶ್ನೆ ಎಷ್ಟು ದೊಡ್ಡದು ಎಂಬುದನ್ನು ಎಣಿಸಿ ಹೇಳಬಹುದೆ? ಹೇಳಬಹುದು ಎಂಬ ವಿಶ್ವಾಸ ನಮ್ಮ ವಿಮರ್ಶೆಯೊಳಗೆ ಮೆಲ್ಲಗೆ ಬೇರು ಬಿಡುತ್ತಿದೆ. 2013ರಲ್ಲಿ ಪ್ರಜಾವಾಣಿಯ ಪುಟಗಳಲ್ಲಿ ವಚನ ಮತ್ತು ಜಾತಿ ಕುರಿತು ನಡೆದ ವಾಗ್ವಾದವನ್ನು ನೆನೆಸಿಕೊಳ್ಳಿ. ವಚನಗಳನ್ನು ಜಾತಿವಿರೋಧಿ ಚಳವಳಿಯೆಂದು ಓದುವುದು ವಸಾಹತುಶಾಹಿ ಕೊಟ್ಟ ಕನ್ನಡಕದ ಫಲ ಎಂದು ಡಂಕಿನ್ ಝಳಕಿ ಮೊದಲಾದವರು ವಾದಿಸಿದರು. ಆ ವಾದದ ಬೆನ್ನಿಗೆ ಒಂದು ಲೆಕ್ಕವೂ ನಿಂತಿತ್ತು: ಇಷ್ಟು ಸಾವಿರ ವಚನಗಳಲ್ಲಿ ಜಾತಿಯ ಮಾತು ಬರುವುದು ಕೆಲವೇ ಕೆಲವು ವಚನಗಳಲ್ಲಿ. ವಸಾಹತುಶಾಹಿಯ ಮಾತಿಗೆ ಉತ್ತರ ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರು ಲೆಕ್ಕದ ಕಡೆಗೆ ಮಾತ್ರ. ಯಾಕೆಂದರೆ ವಾದ ಹಳತಾಗುತ್ತದೆ, ಲೆಕ್ಕ ಹಳತಾಗೋದಿಲ್ಲ. ಈಗ ಆ ಲೆಕ್ಕ ಹಾಕೋ ಯಂತ್ರ ಎಲ್ಲರ ಕೈಯಲ್ಲೂ ಇದೆ.

ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮತ್ತು ಅವರ ಗೆಳೆಯರು ಕಟ್ಟಿದ ‘ವಚನ ಸಂಚಯ’ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಅದು ಬರುವ ವಚನಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಎದುರಿಗೆ ನಿಲ್ಲುತ್ತವೆ. ಇದು ಸಣ್ಣ ಉಪಕಾರ ಅಲ್ಲ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ನಮ್ಮ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು ಆ ವಚನಗಳಲ್ಲಿ ಬಹುಪಾಲು ಮಠಗಳ, ಮನೆತನಗಳ ತಾಡವೋಲೆ ಕಟ್ಟುಗಳಲ್ಲಿ ಇದ್ದವು. ಕಟ್ಟು ಬಿಚ್ಚಬೇಕಾದರೆ ಮೊದಲು ಹೊಸ್ತಿಲು ದಾಟಬೇಕು. ಹೊಸ್ತಿಲು ಯಾರು ದಾಟಬಹುದಿತ್ತು ಅನ್ನೋದನ್ನ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಇವತ್ತು ಕೇರಿಯ ಹುಡುಗಿಯೊಬ್ಬಳು ಯಾರ ಅಪ್ಪಣೆಯೂ ಇಲ್ಲದೆ ಫೋನಿನಲ್ಲಿ ಇಡೀ ಭಂಡಾರ ಜಾಲಾಡಬಹುದು. ಹೀಗಾಗಿ ನಾನು ಯಂತ್ರದ ವಿರೋಧಿ ಅಲ್ಲ. ಯಂತ್ರ ಎಣಿಸಿದ್ದನ್ನು ಅರ್ಥ ಅಂತ ಒಪ್ಪಿಕೊಳ್ಳೋ ಓದಿನ ವಿರೋಧಿ.

2

ಹುಡುಕುವ ತಂತ್ರಾಂಶದ ಕೆಲಸ ಮೂಲದಲ್ಲಿ ಸರಳ. ಪಠ್ಯವನ್ನು ಖಾಲಿ ಜಾಗ ಕಂಡಲ್ಲಿ ಕತ್ತರಿಸಿ ಪದಗಳನ್ನಾಗಿ ಮಾಡುತ್ತದೆ. ಒಂದೊಂದು ಪದದ ಮುಂದೆ ಅದು ಯಾವ ಯಾವ ವಚನದಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಪುಸ್ತಕದ ಕೊನೆಯ ಅಕಾರಾದಿ ಇದ್ದ ಹಾಗೆ. ತೊಡಕು ಬರೋದು ಕನ್ನಡದ ಜಾಯಮಾನದಲ್ಲಿ. ನಮ್ಮ ಪದ ಒಂಟಿಯಾಗಿ ನಿಲ್ಲೋದಿಲ್ಲ; ಮುಂದೆ ಸಮಾಸ, ಹಿಂದೆ ಪ್ರತ್ಯಯ, ನಡುವೆ ಸಂಧಿ.

ಡೋಹರ ಕಕ್ಕಯ್ಯನನ್ನೇ ತೆಗೆದುಕೊಳ್ಳಿ. ತೊಗಲು ಹದ ಮಾಡುವ ಕುಲದವನು. ಮಾಳವದಿಂದ ಕಲ್ಯಾಣಕ್ಕೆ ಬಂದವನೆಂದು ಹೇಳುತ್ತಾರೆ. ‘ಅಭಿನವ ಮಲ್ಲಿಕಾರ್ಜುನ’ ಅವನ ಅಂಕಿತ. ದೊರೆತಿರುವ ವಚನಗಳು 6. ಅದರಲ್ಲಿ ಒಂದರಲ್ಲಿ ತನ್ನನ್ನು ‘ಕಷ್ಟಕುಲ’ದಲ್ಲಿ ಹುಟ್ಟಿಸಿದ್ದಕ್ಕೆ ಲಿಂಗತಂದೆಯ ಮುಂದೆ ಗೋಳಿಡುತ್ತಾನೆ. ‘ಕುಲ’ ಎಂಬ ಇಡೀ ಪದವನ್ನಷ್ಟೇ ಹುಡುಕುವ ಯಂತ್ರಕ್ಕೆ ಈ ವಚನ ಸಿಗುವುದಿಲ್ಲ. ಅದರ ಪಾಲಿಗೆ ‘ಕಷ್ಟಕುಲ’ ಬೇರೆಯೇ ಪದ. ಆಯಿತು, ಪದದ ತುಂಡು ಸಿಕ್ಕರೂ ಸಾಕು ಎಂದು ಅಪ್ಪಣೆ ಕೊಟ್ಟರೆ ‘ವ್ಯಾಕುಲ’ವೂ ಬಲೆಗೆ ಬೀಳುತ್ತದೆ. ನಮ್ಮವರ ಪಾಲಿಗೆ ಕುಲಕ್ಕೂ ವ್ಯಾಕುಲಕ್ಕೂ ಭಾಳ ದೂರ ಇಲ್ಲ, ಆ ಮಾತು ಬೇರೆ. ಹಾಗೆಯೇ ‘ಹೊಲ’ ಎಂದು ಶುರುವಾಗುವ ಪದಗಳನ್ನು ಕೇಳಿದರೆ ಹೊಲ, ಹೊಲಬು, ಹೊಲಿಗೆ, ಹೊಲೆಯ ಎಲ್ಲ ಒಂದೇ ಸಾಲಿನಲ್ಲಿ ಕೂಡುತ್ತಾರೆ. ಊರಿನಲ್ಲಿ ಆಗದ ಸಹಪಂಕ್ತಿ ಗಣಕದಲ್ಲಿ ಆಗುತ್ತದೆ, ಆದರೆ ಅರ್ಥವಿಲ್ಲದೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಆ ವಚನದ ಜೀವ ಇರುವುದು ‘ಮುಟ್ಟು’ ಎಂಬ ಧಾತುವಿನಲ್ಲಿ. ಕೈಯಿಂದ ಮುಟ್ಟಲಾಗದವನು ಮನಸ್ಸಿನಿಂದಲೂ ಮುಟ್ಟಬಾರದೆ ಎಂಬ ಸಂಕಟ ಅದು. ಅಸ್ಪೃಶ್ಯತೆಯನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ್ದು ನಮ್ಮ ಸಾಹಿತ್ಯದಲ್ಲಿ ಅಪರೂಪ. ‘ಜಾತಿ’ ಎಂದು ಹುಡುಕುವವನ ಎಣಿಕೆಯಲ್ಲಿ ಇದು ಸೊನ್ನೆ. ಕನ್ನಡದಲ್ಲಿ ಮುಟ್ಟು ಅಂದರೆ ಸೋಂಕು, ಮುಟ್ಟು ಅಂದರೆ ಹೆಣ್ಣಿನ ತಿಂಗಳು, ಮುಟ್ಟು ಅಂದರೆ ದುಡಿಯುವವನ ಸಲಕರಣೆ. ಮೈಲಿಗೆಯ ಇಡೀ ವ್ಯವಸ್ಥೆ ಒಂದು ಪದದಲ್ಲಿ ಮುದುಡಿ ಕೂತಿದೆ. ಜಾತಿಯನ್ನು ‘ಜಾತಿ’ ಎಂಬ ಪದದಲ್ಲಿ ಹುಡುಕುವವರು ಅದನ್ನು ಹೊರಗಿನಿಂದ ಕಂಡವರು. ಒಳಗಿದ್ದವರಿಗೆ ಅದು ಮುಟ್ಟು, ಎಂಜಲು, ತೊಗಲು, ಬಾಗಿಲು.

ಇನ್ನು, ಡೋಹರ ಎಂಬ ಮಾತು ಕಕ್ಕಯ್ಯನ ಹೆಸರಿನಲ್ಲೇ ಇದೆ. ಆದರೆ ಹೆಸರು ವಚನದ ಮೈಯೊಳಗಿಲ್ಲ, ತಲೆಯ ಮೇಲಿದೆ. ಮೈಯನ್ನಷ್ಟೇ ಎಣಿಸುವ ಲೆಕ್ಕಕ್ಕೆ ಆಡಿದವನ ಜಾತಿ ಬರುವುದಿಲ್ಲ.

3

ಎಣಿಕೆ ಇನ್ನೊಂದು ಪಕ್ಷವನ್ನೂ ಮೋಸಗೊಳಿಸುತ್ತದೆ. ‘ಹೊಲೆಯ’, ‘ಮಾದಿಗ’ ಪದಗಳು ಬಂದ ಕಡೆಯಲ್ಲೆಲ್ಲ ಕ್ರಾಂತಿ ನಡೆಯಿತೆಂದು ಹಿಗ್ಗುವ ಪ್ರಗತಿಪರರೂ ಇದ್ದಾರಲ್ಲ. ಹುಟ್ಟಿನ ಹೊಲೆಯ ಹೊಲೆಯನಲ್ಲ, ಹಿಂಸೆ ಮಾಡುವವನು, ಆಚಾರಗೆಟ್ಟವನು ಹೊಲೆಯ ಎಂಬ ಧಾಟಿಯ ವಚನಗಳಿವೆ. ಹುಟ್ಟಿನ ಕಳಂಕವನ್ನು ಅವು ಅಳಿಸುತ್ತವೆ, ನಿಜ. ಆದರೆ ಬೈಗುಳ ಬೈಗುಳವಾಗಿಯೇ ಉಳಿಯಿತಲ್ಲ? ಯಾರದೋ ಪಾಪಕ್ಕೆ ನಮ್ಮ ಹೆಸರು ಯಾಕೆ ಅಂತ ಕೇರಿ ಕೇಳಿದರೆ ಉತ್ತರವೇನು? ಬೈಯುವುದಕ್ಕೆ ಬಂದ ಪದಕ್ಕೂ ಇದು ನಾನೇ ಅಂತ ಎದೆ ಕೊಟ್ಟು ನಿಂತ ಪದಕ್ಕೂ ಪದಸೂಚಿಯಲ್ಲಿ ಒಂದೇ ಅಂಕಿ. ಯಾರ ಬಾಯಿ, ಯಾರ ಕಡೆ ತಿರುಗಿದ ಬಾಯಿ ಎಂಬುದು ಅಲ್ಲಿ ದಾಖಲಾಗುವುದಿಲ್ಲ.

ಗ್ರಂಥದ ವಿಂಗಡಣೆಯನ್ನೂ ನೋಡಬೇಕು. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ದೊಡ್ಡ ಕೆಲಸ. ಅದರಲ್ಲಿ ಬಸವಣ್ಣ, ಅಲ್ಲಮ, ಚೆನ್ನಬಸವಣ್ಣ, ಸಿದ್ಧರಾಮರಿಗೆ ಒಂದೊಂದು ಸಂಪುಟ. ಕಕ್ಕಯ್ಯ, ಮಾದಾರ ಚೆನ್ನಯ್ಯನಂಥವರು ‘ಸಂಕೀರ್ಣ’ ಸಂಪುಟಗಳಲ್ಲಿ. ಸಂಪಾದಕರಿಗೆ ಇದು ಅನುಕೂಲದ ಹೆಸರು, ಅವರ ಮೇಲೆ ನನ್ನ ದೂರಿಲ್ಲ. ಆದರೆ ಧರ್ಮಶಾಸ್ತ್ರದ ಭಾಷೆಯಲ್ಲಿ ಸಂಕೀರ್ಣ ಅಂದರೆ ಬೆರಕೆ ಹುಟ್ಟಿನವರು. ಪದಗಳಿಗೆ ನೆನಪಿರುತ್ತದೆ, ಇಟ್ಟವರಿಗೆ ಇಲ್ಲದಿದ್ದರೂ.

ಪ್ರಮಾಣದ ಪ್ರಶ್ನೆಯೂ ಇಲ್ಲೇ ಇದೆ. ಬಸವಣ್ಣನವು ಸಾವಿರದ ನಾನೂರರ ಆಸುಪಾಸು. ಚೆನ್ನಯ್ಯನವು 10, ಕಕ್ಕಯ್ಯನವು 6, ಉರಿಲಿಂಗಪೆದ್ದಿಯ ಪುಣ್ಯಸ್ತ್ರೀ ಕಾಳವ್ವೆಯವು 12. ಇವರ ಹೆಸರುಗಳನ್ನು ಹುಡುಕಿದರೆ ಅವು ಬಸವಣ್ಣ ಮತ್ತಿತರರ ವಚನಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಚೆನ್ನಯ್ಯ, ಕಕ್ಕಯ್ಯರನ್ನು ತನ್ನ ಹಿರಿಯರೆಂದು ಬಸವಣ್ಣ ಕರೆದುಕೊಂಡದ್ದು ಎಲ್ಲರಿಗೂ ಗೊತ್ತು. ಅಂದರೆ ಕಕ್ಕಯ್ಯ ಮಾತಾಡಿದ್ದು ಕಡಿಮೆ, ಮಾತಿಗೆ ವಸ್ತುವಾದದ್ದು ಹೆಚ್ಚು. ದಲಿತರ ಬಗ್ಗೆ ಬರೆದದ್ದಕ್ಕೂ ದಲಿತರು ಬರೆದದ್ದಕ್ಕೂ ಇರುವ ಅಂತರವನ್ನು ಎಪ್ಪತ್ತರ ದಶಕದಿಂದ ನಾವು ಚರ್ಚಿಸುತ್ತ ಬಂದಿದ್ದೇವೆ. ಆ ಅಂತರ ಹನ್ನೆರಡನೆಯ ಶತಮಾನದಲ್ಲೇ ಇತ್ತು. ಅದನ್ನು ತೋರಿಸಿಕೊಟ್ಟದ್ದು ಮಾತ್ರ ಈ ಯಂತ್ರವೇ. ಕೇಳುವ ಪ್ರಶ್ನೆ ಸರಿಯಿದ್ದರೆ ಅದು ನಮ್ಮ ಕಡೆಯೂ ಸಾಕ್ಷಿ ಹೇಳುತ್ತದೆ.

ಈ ಶಾಸ್ತ್ರದೊಳಗೇ ಒಂದು ಒಳ್ಳೆಯ ತತ್ತ್ವವೂ ಇದೆ. ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ಇಂಗ್ಲೆಂಡಿನ ವಿದ್ವಾಂಸೆ 1972ರಲ್ಲಿ ಹೇಳಿದ್ದು: ಎಲ್ಲ ಕಡೆ ಸಿಗುವ ಪದಕ್ಕೆ ತೂಕ ಕಡಿಮೆ, ಕೆಲವೇ ಕಡೆ ಸಿಗುವ ಪದಕ್ಕೆ ತೂಕ ಹೆಚ್ಚು. ಹುಡುಕುವ ತಂತ್ರಾಂಶಗಳು ಇಂದಿಗೂ ಈ ತೂಕವನ್ನು ಬಳಸುತ್ತವೆ. ಅಪರೂಪದ್ದು ಅಂದರೆ ಅಲ್ಪವಾದದ್ದಲ್ಲ. ಕಡಿಮೆ ಸಲ ಬಂತು, ಆದ್ದರಿಂದ ಮುಖ್ಯವಲ್ಲ ಎಂದು ವಾದಿಸುವವರು ತಾವು ನಂಬಿದ ಎಣಿಕೆಯ ಶಾಸ್ತ್ರವನ್ನೇ ಅರ್ಧ ಓದಿದ್ದಾರೆ.

4

ಬೆಳಗಾವಿಯಿಂದ ಖಾನಾಪುರ ದೂರವೇನಲ್ಲ. ಆ ತಾಲೂಕಿನಲ್ಲೇ ಕಕ್ಕೇರಿ ಇದೆ. ಕಲ್ಯಾಣದ ಗಲಭೆಯ ನಂತರ ಉಳವಿಯ ಕಡೆ ಹೊರಟ ಶರಣರನ್ನು ಕಾಯುತ್ತ, ಕಾದಾಡುತ್ತ ಬಂದ ಕಕ್ಕಯ್ಯ ಇಲ್ಲಿ ದೇಹ ಬಿಟ್ಟ ಎಂಬುದು ಪರಂಪರೆ. ಅವನ ಸಮಾಧಿ ಇಲ್ಲಿದೆ. ಊರಿನ ಹೆಸರೂ ಅವನದೇ ಅಂತಾರ ಇಲ್ಲಿಯ ಮಂದಿ. ಈ ಕಥೆ ಅವನ ಆರು ವಚನಗಳ ಒಳಗಿಲ್ಲ. ವಚನ ಕಾಯ್ದ ತೋಳು, ಹೊತ್ತ ಬೆನ್ನು ಪಠ್ಯವಾಗುವುದಿಲ್ಲ; ಸಮಾಧಿಯಾಗುತ್ತದೆ, ಊರಿನ ಹೆಸರಾಗುತ್ತದೆ. ಬರವಣಿಗೆಯಿಂದ ದೂರ ಇಟ್ಟ ಜನ ತಮ್ಮ ಪದಸೂಚಿಯನ್ನು ನೆಲದ ಮೇಲೇ ಬರೆದುಕೊಂಡರು ಎನ್ನಬೇಕು.

ಆ ನೆಲಕ್ಕೆ ಗಡಿಯೂ ಇಲ್ಲ. ಗಡಿಯಾಚೆ ಮರಾಠಿಯಲ್ಲಿ ಅವನು ಸಂತ ಕಕ್ಕಯ್ಯ, ಢೋರ ಸಮಾಜದ ಮೂಲಪುರುಷ. ತೊಗಲಿನ ಉದ್ಯೋಗಕ್ಕೆ ಹೆಸರಾದ ಮುಂಬೈಯ ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗ ಎಂಬ ರಸ್ತೆಯೇ ಇದೆ. ಆದರೆ ನಾಗರಿ ಲಿಪಿಯ ಕಕ್ಕಯ್ಯನೂ ಕನ್ನಡ ಲಿಪಿಯ ಕಕ್ಕಯ್ಯನೂ ಗಣಕಕ್ಕೆ ಇಬ್ಬರು. ಭಾಷೆಯ ಹೆಸರಲ್ಲಿ ಬಡಿದಾಡುವ ನಮ್ಮ ಎರಡೂ ಕಡೆಯವರ ಹಾಗೆ ಅದಕ್ಕೂ ಕೇರಿಯ ನಂಟು ಕಾಣಿಸೋದಿಲ್ಲ.

ಹಾಗಾದರೆ ದಲಿತ ವಿಮರ್ಶೆಯ ಕೆಲಸವೇನು? ಯಂತ್ರವನ್ನು ಬೈದು ಕೂಡುವುದಂತೂ ಅಲ್ಲ. ನಮ್ಮದೇ ಪದಸೂಚಿ ಕಟ್ಟಬೇಕು. ಡೋಹರ, ಡೋಹಾರ, ಢೋರ ಮೂರನ್ನೂ ಒಂದೇ ಕಡೆ ತರಬೇಕು. ‘ಮುಟ್ಟು’, ‘ಎಂಜಲು’, ‘ತೊಗಲು’, ‘ಹದ’ ಇವನ್ನು ಜಾತಿಯ ತಲೆಬರಹದ ಕೆಳಗೆ ಇಡಬೇಕು. ಪ್ರತಿ ‘ಹೊಲೆಯ’ದ ಮುಂದೆ ಆಡಿದವರು ಯಾರು, ಆಡಿಸಿಕೊಂಡವರು ಯಾರು ಎಂದು ಗುರುತು ಹಾಕಬೇಕು. ಹಳೆಯ ಡಿಟಿಪಿ ಅಕ್ಷರಗಳಲ್ಲಿ ಅಚ್ಚಾದ ನಮ್ಮ ಪುಸ್ತಕಗಳು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲಿ ಹೂತುಹೋಗಿವೆ. ಅವನ್ನು ಯುನಿಕೋಡಿಗೆ ತರದಿದ್ದರೆ ನಾಳೆ ಹುಡುಕುವವರ ಪಾಲಿಗೆ ನಾವು ಬರೆದೇ ಇಲ್ಲ. ಈ ಕೆಲಸಕ್ಕೆ ಭಾಷಾಶಾಸ್ತ್ರಜ್ಞರಷ್ಟೇ ತೊಗಲಿನ ಕೆಲಸದ ಮಾತು ಬಲ್ಲ ಮುದುಕರೂ ಬೇಕು. ಹದ ಎನ್ನುವಲ್ಲಿ ಎಷ್ಟು ದಿನದ ನಾತ ಇದೆ ಅನ್ನೋದು ನಿಘಂಟಿನಲ್ಲಿ ಬರೆದಿಲ್ಲ.

ಆರು ವಚನ ಓದೋದಕ್ಕೆ ಗಣಕ ಬೇಕಾಗಿಲ್ಲ. ಇಪ್ಪತ್ತು ಸಾವಿರದ ಎಣಿಕೆ ಹಿಡಿದು ಯಾರಾದರೂ ಆ ಆರನ್ನು ಅಳಿಸಲು ಬಂದಾಗ ಎದುರಿಗೆ ಇಡೋದಕ್ಕೆ ನಮ್ಮ ಕೈಯಲ್ಲೂ ಒಂದು ಸೂಚಿ ಇರಬೇಕು.