ಎಂಟು ಹಾಕಿದರೆ ಸಾಕೇ?

ಮಗನಿಗೆ ಮೊದಲ ಬೈಕ್ ಕೊಡಿಸುವುದು ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಹೆಚ್ಚುಕಡಿಮೆ ಒಂದು ಸಂಸ್ಕಾರವೇ ಆಗಿಬಿಟ್ಟಿದೆ. ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ಮೈಲೇಜ್ ಎಷ್ಟು, ಪಿಕಪ್ ಹೇಗೆ, ಆನ್‌ರೋಡ್ ಬೆಲೆ ಎಲ್ಲಿಗೆ ಮುಟ್ಟುತ್ತದೆ, ಇಷ್ಟು ಡೌನ್ ಪೇಮೆಂಟ್ ಕಟ್ಟಿದರೆ ಇಎಂಐ ಎಷ್ಟು ಬರುತ್ತದೆ, ನಾಲ್ಕು ವರ್ಷ ಬಿಟ್ಟು ಮಾರಿದರೆ ಎಷ್ಟು ಹುಟ್ಟೀತು ಎಂದೆಲ್ಲ ಮನೆಮಂದಿ, ಅಕ್ಕಪಕ್ಕದವರು, ಮಾವಂದಿರು ಕೂತು ಲೆಕ್ಕ ಹಾಕುತ್ತಾರೆ. ಡೆಲಿವರಿಯ ದಿನ ಗಾಡಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಶೋರೂಮಿನವರ ಜೊತೆ ಒಂದು ಫೋಟೊ. ಇಷ್ಟೆಲ್ಲದರ ನಡುವೆ ಯಾರೂ ಕೇಳದ ಪ್ರಶ್ನೆ ಒಂದಿದೆ: ಇವನಿಗೆ ಓಡಿಸಲು ಕಲಿಸುವವರು ಯಾರು? ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ. ಸೈಕಲ್ ಬರುತ್ತದಲ್ಲ, ಎರಡು ದಿನ ಯಾರಾದರೂ ಹಿಂದೆ ಕೂತರೆ ತಾನಾಗಿ ಬರುತ್ತದೆ. ಈ ಪದ್ಧತಿಯನ್ನು ಮೈದಾನದ ಮೊದಲ ಸುತ್ತಿನಿಂದ ಡಿಎಲ್ ಕೈಗೆ ಬರುವ ತನಕ ಒಂದೊಂದೇ ಹಂತವಾಗಿ ನೋಡುತ್ತ ಹೋದರೆ, ಎಲ್ಲ ಕಡೆಯೂ ಒಂದೇ ಕೊರತೆ ಎದುರಾಗುತ್ತದೆ. ಗಾಡಿ ಓಡಿಸುವುದಕ್ಕೆ ನಾವು ಕೊಡುವ ಗಮನದ ಕಾಲುಭಾಗವನ್ನೂ ಅದನ್ನು ನಿಲ್ಲಿಸುವುದಕ್ಕೆ ಕೊಟ್ಟಿಲ್ಲ.

ಪಾಠ ನಡೆಯುವ ಜಾಗ ಎಲ್ಲರಿಗೂ ಗೊತ್ತಿರುವಂಥದ್ದೇ. ಶಾಲೆಯ ಮೈದಾನ, ಇನ್ನೂ ಮನೆ ಏಳದ ಲೇಔಟಿನ ರಸ್ತೆ, ರಜೆಯ ದಿನದ ಎಪಿಎಂಸಿ ಯಾರ್ಡು. ಕಲಿಸುವವನು ಅಣ್ಣನೋ ಗೆಳೆಯನೋ. ಅವನ ಪಾಠದ ಮುಕ್ಕಾಲು ಭಾಗ ಹಾಫ್ ಕ್ಲಚ್ಚಿಗೇ ಸಲ್ಲುತ್ತದೆ: ನ್ಯೂಟ್ರಲ್‌ನಿಂದ ಮೊದಲ ಗೇರಿಗೆ ಹಾಕುವುದು, ಕ್ಲಚ್ ನಿಧಾನ ಬಿಡುವುದು, ಗಾಡಿ ಆಫ್ ಆಗದಂತೆ ಎತ್ತುವುದು. ಬ್ರೇಕಿನ ವಿಷಯಕ್ಕೆ ಬಂದಾಗ ಒಂದೇ ಒಂದು ಮಾತು: “ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ.” ಬೀದರಿನಿಂದ ಚಾಮರಾಜನಗರದವರೆಗೆ ಕೇಳಸಿಗುವ ಈ ಬುದ್ಧಿಮಾತು ಒಬ್ಬ ಸವಾರ ಜೀವನದುದ್ದಕ್ಕೂ ಪಡೆಯುವ ಏಕೈಕ ಬ್ರೇಕ್ ಪಾಠ. ಅದು ತಪ್ಪು ಪಾಠ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಮತ್ತು ಸವಾರನ ಭಾರ ಮುಂದಕ್ಕೆ ಹೊರಳುತ್ತದೆ. ಮುಂದಿನ ಶಾಕ್ಸ್ ಕುಸಿಯುವುದು, ಹಿಂಬದಿ ಹಗುರಾಗುವುದು ಕೂತವನಿಗೆ ತಿಳಿಯುತ್ತದೆ. ಭಾರ ಬಿದ್ದ ಚಕ್ರಕ್ಕೆ ರಸ್ತೆಯ ಹಿಡಿತ ಜಾಸ್ತಿ, ಭಾರ ಕಳೆದುಕೊಂಡ ಚಕ್ರಕ್ಕೆ ಕಡಿಮೆ. ಅಂದರೆ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಇರುವುದು ನಾವು ಮುಟ್ಟಬೇಡ ಎಂದು ಹೇಳಿಕೊಟ್ಟ ಲಿವರಿನಲ್ಲೇ. ಒಣಗಿದ ಡಾಂಬರು ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಎರಡೂ ಬ್ರೇಕನ್ನು ಹದವಾಗಿ ಹಿಡಿದರೆ ಅದು ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ. ಕಾಲಿನ ಬ್ರೇಕೊಂದನ್ನೇ ತುಳಿದರೆ ಅದರ ಎರಡರಷ್ಟು ದೂರ ಬೇಕು. ಆ ಹೆಚ್ಚುವರಿ 20 ಮೀಟರ್ ಅಂದರೆ ಹತ್ತು ಸ್ಪ್ಲೆಂಡರ್ ಬೈಕುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ. ಸಂದಿಯಿಂದ ಹಸು ಅಡ್ಡ ಬಂದಾಗ ಅಷ್ಟು ಜಾಗ ಯಾರ ಹತ್ತಿರವೂ ಇರುವುದಿಲ್ಲ.

ಆ ಮಾತು ಬರೀ ಮೌಢ್ಯದಿಂದ ಹುಟ್ಟಿದ್ದಲ್ಲ ಎಂಬುದನ್ನೂ ಒಪ್ಪಬೇಕು. ಮೈದಾನದ ಮರಳಿನ ಮೇಲೆ, ಹ್ಯಾಂಡಲ್ ತಿರುಗಿಸಿದ ಸ್ಥಿತಿಯಲ್ಲಿ, ಕಲಿಯುವವನು ಗಾಬರಿಯಿಂದ ಮುಂದಿನ ಬ್ರೇಕ್ ಕಿತ್ತು ಹಿಡಿದರೆ ಚಕ್ರ ಜಾರಿ ಬೀಳುವುದು ಖಂಡಿತ. ಮಣ್ಣಿನ ರಸ್ತೆಗಳ ಕಾಲದಲ್ಲಿ ಅದು ದಿನನಿತ್ಯದ ಅನುಭವ. ಆದರೆ ಒಂದು ಸಂದರ್ಭಕ್ಕೆ ಸರಿಯಾದ ಎಚ್ಚರಿಕೆ ಎಲ್ಲ ಸಂದರ್ಭಕ್ಕೂ ನಿಷೇಧವಾಗಿ ಉಳಿದುಬಿಟ್ಟಿತು. ಎಷ್ಟರಮಟ್ಟಿಗೆ ಎಂದರೆ ಕೊನೆಗೆ ಯಂತ್ರವೇ ನಮ್ಮ ಅಭ್ಯಾಸಕ್ಕೆ ಹೊಂದಿಕೊಳ್ಳಬೇಕಾಯಿತು. 2018ರ ಏಪ್ರಿಲ್‌ನಿಂದ ಹೊಸ ಮಾಡೆಲ್‌ಗಳಿಗೆ, 2019ರ ಏಪ್ರಿಲ್‌ನಿಂದ ಎಲ್ಲಕ್ಕೂ ಅನ್ವಯವಾದ ಕೇಂದ್ರದ ನಿಯಮದ ಪ್ರಕಾರ 125 ಸಿಸಿ ಮೀರಿದ ಬೈಕಿಗೆ ಎಬಿಎಸ್ ಕಡ್ಡಾಯ. ಅದಕ್ಕಿಂತ ಸಣ್ಣವಕ್ಕೆ ಎಬಿಎಸ್ ಇಲ್ಲದಿದ್ದರೆ ಕಾಂಬಿ ಬ್ರೇಕ್, ಅಂದರೆ ಸಿಬಿಎಸ್, ಇರಲೇಬೇಕು. ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುವಂತೆ ಮಾಡಿರುವ ಈ ಏರ್ಪಾಡು ಏನನ್ನು ಒಪ್ಪಿಕೊಂಡಂತಾಯಿತು? ಭಾರತದ ಸವಾರ ಮುಂದಿನ ಬ್ರೇಕ್ ಹಿಡಿಯುವುದಿಲ್ಲ ಎಂಬುದನ್ನು. ಸವಾರನನ್ನು ತಿದ್ದುವ ಬದಲು ಪೆಡಲನ್ನು ತಿದ್ದಲಾಯಿತು. ಅದರಿಂದ ಉಪಯೋಗವಿಲ್ಲವೆಂದಲ್ಲ. ಆದರೆ ಸಿಬಿಎಸ್ ಮುಂದಿನ ಚಕ್ರಕ್ಕೆ ಕೊಡುವುದು ಒಂದು ಪಾಲನ್ನು ಮಾತ್ರ, ಪೂರ್ತಿ ಹಿಡಿತ ಬೇಕಾದರೆ ಬಲಗೈ ಕೆಲಸ ಮಾಡಲೇಬೇಕು. ಎಬಿಎಸ್ ಇದ್ದರೆ ಎಲ್ಲ ತಾನೇ ನೋಡಿಕೊಳ್ಳುತ್ತದೆ ಎನ್ನುವವರಿಗೂ ಇದೇ ಉತ್ತರ. ಚಕ್ರ ಲಾಕ್ ಆಗದಂತೆ ತಡೆಯುವುದಷ್ಟೇ ಎಬಿಎಸ್‌ನ ಕೆಲಸ. ಹಿಡಿಯದ ಬ್ರೇಕನ್ನು ಅದು ಹಿಡಿಯುವುದಿಲ್ಲ.

ಈ ಕೊರತೆ ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಹಳೆಯದಾದರೂ ಇಂದಿಗೂ ಬೆಲೆ ಕಳೆದುಕೊಳ್ಳದ ಸಾಕ್ಷ್ಯವೊಂದಿದೆ. ಅಮೆರಿಕದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲಿಸ್ ಪ್ರದೇಶದ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ತನಿಖೆ ಮಾಡಿ 1981ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ನೂರಕ್ಕೆ 92 ಮಂದಿ ತಾವಾಗಿಯೇ ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ನಿರ್ದಿಷ್ಟ ಗಾಡಿಯ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಅಪಾಯ ಕಂಡ ಮೇಲೆ ಏನಾದರೂ ಮಾಡಲು ಸಿಗುತ್ತಿದ್ದದ್ದು ಎರಡು ಸೆಕೆಂಡಿಗಿಂತ ತುಸು ಕಡಿಮೆ ಸಮಯ. ಆ ಹೊತ್ತಿನಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸಿಕೊಂಡರು, ಮುಂದಿನದನ್ನು ಸಾಲುವಷ್ಟು ಹಿಡಿಯಲಿಲ್ಲ. ಬೇರೆ ದೇಶ, ಬೇರೆ ರಸ್ತೆ, ದೊಡ್ಡ ಬೈಕುಗಳು, ನಲವತ್ತು ವರ್ಷ ದಾಟಿದ ಮಾತು ಎಂದು ಇದನ್ನು ತಳ್ಳಿಹಾಕಬಹುದು. ಅಲ್ಲಿನ ಅಂಕಿಗಳನ್ನು ಹಾಗೇ ಇಲ್ಲಿಗೆ ತಂದು ಕೂರಿಸುವುದು ಸರಿಯಲ್ಲ, ನಿಜ. ಆದರೆ ಆ ವರದಿ ಹೇಳಿದ್ದು ಗಾಬರಿಯಲ್ಲಿ ಮನುಷ್ಯನ ಕೈಕಾಲು ಏನು ಮಾಡುತ್ತವೆ ಎಂಬುದನ್ನು. ಅದು ಊರಿಂದ ಊರಿಗೆ ಬದಲಾಗುವ ಸಂಗತಿಯಲ್ಲ. ನಮ್ಮಲ್ಲಂತೂ ತಾನಾಗಿ ಕಲಿಯುವುದೇ ಕ್ರಮ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನಗಳ ಮೇಲಿದ್ದವರು.

ಇನ್ನು ಆರ್‌ಟಿಒ ಪರೀಕ್ಷೆ. ಎಲ್‌ಎಲ್‌ಆರ್ ಸಿಕ್ಕು 30 ದಿನ ಕಳೆದವನು ಟ್ರ್ಯಾಕಿಗೆ ಹೋಗಿ ಎಂಟು ಹಾಕುತ್ತಾನೆ. ಕಾಲು ನೆಲಕ್ಕೆ ತಾಗಿಸದೆ ಅಂಕಿಯ ಆಕಾರದಲ್ಲಿ ಸುತ್ತಿ ಬಂದರೆ ಅಲ್ಲಿಗೆ ಮುಗಿಯಿತು. ಎಂಟು ಹಾಕುವುದು ಕೆಲಸಕ್ಕೆ ಬಾರದ ಪರೀಕ್ಷೆ ಎಂದು ಹಂಗಿಸುವವರ ಜೊತೆ ನಾನಿಲ್ಲ. ನಿಧಾನ ವೇಗದಲ್ಲಿ ಕ್ಲಚ್, ಆಕ್ಸಿಲರೇಟರ್, ನೋಟ ಮೂರನ್ನೂ ಹೊಂದಿಸಿಕೊಂಡು ಗಾಡಿ ತಿರುಗಿಸುವುದು ಗಾಂಧಿಬಜಾರಿನಂಥ ಗಿಜಿಗುಡುವ ಬೀದಿಯಲ್ಲಿ ನಿಜವಾಗಿಯೂ ಬೇಕಾದ ವಿದ್ಯೆ. ನನ್ನ ತಕರಾರು ಅದು ಅಲ್ಲಿಗೇ ನಿಲ್ಲುತ್ತದೆ ಎಂಬುದು. ಎಂಟು ಹಾಕುವಾಗ ಗಾಡಿ ಹೆಚ್ಚುಕಡಿಮೆ ನಡಿಗೆಯ ವೇಗದಲ್ಲಿರುತ್ತದೆ, ಜೀವ ತೆಗೆಯುವ ಅಪಘಾತಗಳು ಆ ವೇಗದಲ್ಲಿ ಆಗುವುದಿಲ್ಲ. ಬ್ರಿಟನ್ನಿನಲ್ಲಿ ಎಂಟೂ ಉಂಟು, ಅದರ ಜೊತೆಗೆ ಗಂಟೆಗೆ ಕನಿಷ್ಠ 50 ಕಿ.ಮೀ. ವೇಗಕ್ಕೆ ಏರಿ ತುರ್ತಾಗಿ ನಿಲ್ಲಿಸಿ ತೋರಿಸಬೇಕು, ಅದೇ ವೇಗದಲ್ಲಿ ಅಡಚಣೆಯೊಂದನ್ನು ತಪ್ಪಿಸಿಕೊಂಡು ಹೋಗಬೇಕು. ಅಲ್ಲಿ 1990ರಿಂದ ಮೂಲ ತರಬೇತಿ ಮುಗಿಸದೆ ರಸ್ತೆಗೆ ಇಳಿಯುವಂತೆಯೇ ಇಲ್ಲ. ನಮ್ಮ ಕಾನೂನು ಎಲ್‌ಎಲ್‌ಆರ್ ಇರುವವನ ಹಿಂದೆ ಲೈಸೆನ್ಸ್ ಇರುವ ಬೋಧಕ ಕೂರಬೇಕು ಎನ್ನುತ್ತದೆ. ಕಾರಿನಲ್ಲಾದರೆ ಬೋಧಕನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಬೈಕಿನ ಹಿಂಬದಿ ಸೀಟಿನಲ್ಲಿ ಕೂತವನ ಕೈಗೆ ಸಿಗುವುದು ಮುಂದಿರುವವನ ಭುಜ ಮಾತ್ರ.

ಕೊಳ್ಳುವ ಹಂತದಲ್ಲೂ ಇದೇ ಕುರುಡು. ಗೇರ್ ಬೈಕಿನ ಒಂದೇ ಲೈಸೆನ್ಸಿನಲ್ಲಿ ಹದಿನೆಂಟರ ಹುಡುಗ 97 ಸಿಸಿಯ, ಎಂಟು ಹಾರ್ಸ್‌ಪವರಿನ, 112 ಕೆ.ಜಿ. ತೂಗುವ ಸ್ಪ್ಲೆಂಡರನ್ನೂ ಓಡಿಸಬಹುದು, ನಲವತ್ತಕ್ಕೂ ಮೀರಿದ ಹಾರ್ಸ್‌ಪವರಿನ ಕೆಟಿಎಂ 390 ಡ್ಯೂಕನ್ನೂ ಓಡಿಸಬಹುದು. ತಮಾಷೆಯೆಂದರೆ ತೆರಿಗೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 2025ರ ಸೆಪ್ಟೆಂಬರಿನಿಂದ 350 ಸಿಸಿವರೆಗೆ ಶೇ 18, ಅದನ್ನು ಮೀರಿದರೆ ಶೇ 40 ಜಿಎಸ್‌ಟಿ. ಲೈಸೆನ್ಸಿಗೆ ಮಾತ್ರ ಎಲ್ಲ ಬೈಕೂ ಒಂದೇ. ಬ್ರಿಟನ್ನಿನಲ್ಲಿ 17ಕ್ಕೆ 125 ಸಿಸಿ, 19ಕ್ಕೆ ಮಧ್ಯಮ ಶಕ್ತಿಯ ಗಾಡಿ, ನೇರವಾಗಿ ದೊಡ್ಡದು ಬೇಕೆಂದರೆ 24 ತುಂಬಬೇಕು. ನಮ್ಮಲ್ಲಿ ಕಾನೂನು ಕೇಳದ ಪ್ರಶ್ನೆಯನ್ನು ಕೊಳ್ಳುವವನಾದರೂ ಕೇಳಿಕೊಳ್ಳಬೇಕಿತ್ತು. ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಊರುತ್ತವೆಯೇ? ಇಳಿಜಾರಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ತಳ್ಳಲು ಆಗುತ್ತದೆಯೇ? ಲಿವರಿಗೆ ಬೆರಳು ಸಲೀಸಾಗಿ ಎಟುಕುತ್ತವೆಯೇ? ಸುಮಾರು 195 ಕೆ.ಜಿ.ಯ ಕ್ಲಾಸಿಕ್ 350 ನಿಂತಲ್ಲೇ ವಾಲತೊಡಗಿದರೆ ಹೊಸಬನಿಂದ ಅದನ್ನು ತಡೆಯುವುದು ಕಷ್ಟ. ಬೈಕ್ ಪದೇ ಪದೇ ಕೊಳ್ಳುವ ವಸ್ತುವಲ್ಲ, ಸಣ್ಣದು ತೆಗೆದು ವರ್ಷಕ್ಕೇ ಬೇಜಾರಾದರೆ ದುಡ್ಡು ದಂಡ ಎಂಬ ವಾದದಲ್ಲಿ ಹುರುಳಿದೆ. ಅದಕ್ಕೇ ನಾನು ಹೇಳುವುದು, ಮೊದಲನೆಯದು 100ರಿಂದ 125 ಸಿಸಿಯ ಸೆಕೆಂಡ್ ಹ್ಯಾಂಡ್ ಆಗಲಿ ಎಂದು. ಬಿದ್ದು ಇಂಡಿಕೇಟರ್ ಮುರಿದರೂ ಹೊಟ್ಟೆ ಉರಿಯುವುದಿಲ್ಲ, ಎರಡು ವರ್ಷ ಬಿಟ್ಟು ಮಾರಿದರೆ ಕೈಬಿಡುವುದೂ ಅಷ್ಟಿಷ್ಟೇ. ಬ್ರೇಕ್ ಶೂ ಸವೆದಿದೆಯೋ, ಟೈರಿನ ಬಟನ್ ಉಳಿದಿದೆಯೋ ಎಂದು ಮೆಕ್ಯಾನಿಕ್ಕಿಗೆ ತೋರಿಸಿದರಾಯಿತು.

ಇಷ್ಟು ಹೇಳಿದರೆ ಬರುವ ಮೊದಲ ಆಕ್ಷೇಪ ಹಿರಿಯರದ್ದು. ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳನ್ನು ನಾವು ಯಾವ ಶಾಲೆಗೆ ಹೋಗಿ ಕಲಿತೆವು? ಏನಾಯಿತು? ಹೀಗೆ ಕೇಳಲು ಇಂದು ಇರುವವರು ಏನೂ ಆಗದೆ ಉಳಿದವರು, ಆದವರು ಈ ಚರ್ಚೆಗೆ ಬರುವುದಿಲ್ಲ. ಅಲ್ಲದೆ ಅವರ ರಸ್ತೆಯಲ್ಲಿ ಎದುರಿಗೆ ಬರುತ್ತಿದ್ದ ವಾಹನಗಳ ಸಂಖ್ಯೆ, ವೇಗ ಎರಡೂ ಬೇರೆ. ಎರಡನೆಯದು, ತಪ್ಪು ಸವಾರನದ್ದಲ್ಲ, ಗುಂಡಿಯದ್ದು, ಹೇಳದೆ ಕೇಳದೆ ಹಾಕಿದ ಹಂಪಿನದ್ದು ಎಂಬ ದೂರು. ಪೂರ್ತಿ ನಿಜ. ಗುಂಡಿ ಮುಚ್ಚುವ ತನಕ ಅದರ ಮುಂದೆ ನಿಲ್ಲಿಸುವುದು ಗೊತ್ತಿರಬೇಕು ಎಂಬುದೂ ಅಷ್ಟೇ ನಿಜ. ಹೆಲ್ಮೆಟ್ ಹಾಕಿಸುವುದು ಮೊದಲ ಕೆಲಸವಲ್ಲವೇ ಎಂದರೆ, ಹೌದು. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಆದರೆ ಹೆಲ್ಮೆಟ್ಟಿಗೆ ಕೇಳುವ ಪೊಲೀಸರಿದ್ದಾರೆ, ದಂಡವಿದೆ, ಬ್ರೇಕ್ ಹಿಡಿಯಲು ಬರುತ್ತದೆಯೇ ಎಂದು ಕೇಳುವವರು ಒಬ್ಬರೂ ಇಲ್ಲ. ನಿಜಕ್ಕೂ ತೂಕದ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ಬೈಕ್ ತರಬೇತಿಯ ಬಗ್ಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ 2010ರಲ್ಲಿ ಜಾಲಾಡಿದ ಕಾಕ್ರೇನ್ ಸಮೀಕ್ಷೆ, ತರಬೇತಿಯಿಂದ ಅಪಘಾತ ತಗ್ಗುತ್ತದೆಂದು ಖಚಿತವಾಗಿ ಹೇಳುವಷ್ಟು ಗಟ್ಟಿ ಪುರಾವೆ ಸಿಗಲಿಲ್ಲ ಎಂದಿತು. ಕಡ್ಡಾಯ ತರಬೇತಿಯ ತೊಡಕಿನಿಂದ ಕೆಲವರು ಲೈಸೆನ್ಸನ್ನೇ ಪಡೆಯದೆ ಉಳಿಯುವುದರಿಂದ ಅಪಘಾತ ಕಡಿಮೆಯಾಗಿರಬಹುದು ಎಂದೂ ಸೇರಿಸಿತು. ತರಬೇತಿಯನ್ನು ಸರ್ವರೋಗಕ್ಕೆ ಮದ್ದೆಂದು ಮಾರುವವರಿಗೆ ಇದು ಕಹಿ ಗುಳಿಗೆ. ಆದರೂ ಆ ಸಮೀಕ್ಷೆ ತರಬೇತಿ ವ್ಯರ್ಥ ಎನ್ನಲಿಲ್ಲ, ಅಧ್ಯಯನಗಳ ಗುಣಮಟ್ಟ ಸಾಲದು ಎಂದಿತು. ಅದರ ಜೊತೆ ನಾನು ಕೇಳುತ್ತಿರುವುದು ದೊಡ್ಡ ಕೋರ್ಸನ್ನೂ ಅಲ್ಲ, ಪ್ರಮಾಣಪತ್ರವನ್ನೂ ಅಲ್ಲ. ಒಂದು ತಪ್ಪು ಪಾಠವನ್ನು ಅಳಿಸಿ ಅಲ್ಲಿ ಸರಿಯಾದುದನ್ನು ಬರೆಯಬೇಕೆಂಬುದು, ಅಷ್ಟೇ.

ಆ ಸರಿಯಾದ ಪಾಠಕ್ಕೆ ತಗಲುವ ಖರ್ಚು ಲೀಟರ್ ಪೆಟ್ರೋಲಿನಷ್ಟು. ಮರಳಿಲ್ಲದ, ವಾಹನ ಓಡಾಡದ, ನೇರವಾದ ಒಣ ಡಾಂಬರು ರಸ್ತೆ ಬೇಕು. ಹೊಸ ಗಾಡಿಯಾದರೆ ಟೈರಿನ ನುಣುಪು ಹೋಗಿ, ಬ್ರೇಕ್ ಪ್ಯಾಡ್ ಕೂತುಕೊಳ್ಳಲು ಮೊದಲ ನೂರಿನ್ನೂರು ಕಿಲೋಮೀಟರ್ ಬಿಡಬೇಕು. ಮೊದಲು 20ರ ವೇಗದಲ್ಲಿ, ಹ್ಯಾಂಡಲ್ ನೇರವಿದ್ದಾಗ, ಮುಂದಿನ ಲಿವರನ್ನು ಕಿತ್ತು ಹಿಡಿಯದೆ ನಿಂಬೆ ಹಿಂಡುವಂತೆ ಒತ್ತುತ್ತ ಹೋಗಬೇಕು, ಜೊತೆಗೆ ಹಿಂದಿನದನ್ನು ಮೆಲ್ಲಗೆ ತುಳಿಯಬೇಕು. ಕಣ್ಣು ಚಕ್ರದ ಮೇಲಲ್ಲ, ದೂರದಲ್ಲಿರಲಿ. ಕೈಗೆ ಹದ ಸಿಕ್ಕ ಮೇಲೆ 30, ಆಮೇಲೆ 40. ಇದನ್ನು ಮೊದಲು ಕಲಿಸುವವರೇ ಕಲಿಯಬೇಕು ಎಂಬುದೇ ಇಲ್ಲಿನ ಪೇಚು, ಏಕೆಂದರೆ ಅಣ್ಣನಿಗೂ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಈ ವಿಷಯದಲ್ಲಿ ದುಡ್ಡು ಕೊಟ್ಟು ಸ್ಕೂಟರ್ ತರಗತಿಗೆ ಸೇರುವ ಹೆಣ್ಣುಮಕ್ಕಳೇ ವಾಸಿ. ತಮಗೆ ಬರುವುದಿಲ್ಲ ಎಂದು ಒಪ್ಪಿಕೊಂಡೇ ಅವರು ಶುರುಮಾಡುತ್ತಾರೆ. ಹುಡುಗರಿಗೆ ಆ ಮಾತು ಬಾಯಿಗೇ ಬರುವುದಿಲ್ಲ. ಆದ್ದರಿಂದ ಮನೆಯ ಪಾಠವನ್ನೇ ನೆಚ್ಚಿಕೊಳ್ಳದೆ ಪರೀಕ್ಷೆಯನ್ನು ಬದಲಿಸಬೇಕು, ಪರೀಕ್ಷೆಯಲ್ಲಿ ಕೇಳುವುದನ್ನು ಜನ ಹೇಗಾದರೂ ಕಲಿಯುತ್ತಾರೆ, ಎಂಟನ್ನು ಕಲಿತಿಲ್ಲವೇ. ಇದಕ್ಕೆ ಹೊಸ ಕಾಯ್ದೆಯೂ ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ, ಅಭ್ಯರ್ಥಿ ಮಾಡಿ ತೋರಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ, ತುರ್ತು ಸಂದರ್ಭದಲ್ಲಿ ವಾಹನ ನಿಲ್ಲಿಸುವುದು ಆಗಲೇ ಸೇರಿದೆ. ಎಂಟರ ಪಕ್ಕದಲ್ಲಿ ವೇಗಕ್ಕೇರಲು ಸಾಲುವಷ್ಟು ಉದ್ದದ ನೇರ ದಾರಿಯೊಂದನ್ನು ಗುರುತಿಸಿ, ಕೊನೆಯಲ್ಲಿ ಎರಡು ಬಿಳಿ ಗೆರೆ ಎಳೆದು, 40ರ ವೇಗದಲ್ಲಿ ಬಂದು ಅವುಗಳ ನಡುವೆ ನಿಲ್ಲಿಸು ಎನ್ನಲು ಸಾರಿಗೆ ಇಲಾಖೆಗೆ ಒಂದು ಡಬ್ಬ ಬಣ್ಣ ಸಾಕು. ಅದನ್ನು ಈ ವರ್ಷವೇ ಮಾಡಲಿ.