ಕೊಟ್ಟ ಮನೆ, ತಂದ ಮನೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಯಾವ ಹಳ್ಳಿಯ ಜಗುಲಿಯ ಮೇಲೆ ಹೊಸಬರು ಕೂತರೂ, ಕುಡಿಯಲು ನೀರು ಕೊಟ್ಟ ಮೇಲೆ ಮೂರು ಪ್ರಶ್ನೆ ಬರುತ್ತವೆ. ಮಾತು ಹೀಗೆ ಸಾಗುತ್ತದೆ.

“ಯಾವೂರಾಯ್ತಪ್ಪ?”

“ಬಿಳಿಕೆರೆ ಹತ್ರ ಅಜ್ಜಿ.”

“ಯಾರ ಮಗ ನೀನು?”

ಹುಡುಗ ಅಪ್ಪನ ಹೆಸರು ಹೇಳುತ್ತಾನೆ. ಅಜ್ಜಿಗೆ ಗುರುತು ಹತ್ತುವುದಿಲ್ಲ.

“ನಿಮ್ಮವ್ವನ ತವರು?”

“ಸಾಲಿಗ್ರಾಮದ ಕಡೆ.”

“ಸಾಲಿಗ್ರಾಮದಲ್ಲಿ ಯಾರ ಮನೆ?” ಹುಡುಗ ಮನೆಯ ಗುರುತು ಹೇಳುತ್ತಾನೆ. “ಅಯ್ಯೋ, ನಮ್ಮ ಚಿಕ್ಕಪ್ಪನ ಮಗಳನ್ನ ಆ ಮನೆಗೇ ಅಲ್ವಾ ಕೊಟ್ಟಿದ್ದು! ಹಂಗಾದ್ರೆ ನೀನು ನಂಗೂ ಮೊಮ್ಮಗನೇ ಆಗ್ಬೇಕು. ಬಾ, ಒಳಕ್ಕೆ ಬಾ.”

ಮೊದಲ ಪ್ರಶ್ನೆಗೆ ಊರು ಸಿಕ್ಕಿತು, ಎರಡನೆಯದಕ್ಕೆ ಮನೆತನ ಸಿಕ್ಕಿತು. ನೆಂಟಸ್ತನ ಸಿಕ್ಕಿದ್ದು ಮೂರನೆಯದಕ್ಕೆ. ವಂಶದ ಕಥೆ ಎಂದರೆ ತಂದೆ, ತಾತ, ಮುತ್ತಾತ ಎಂದು ನೆಟ್ಟಗೆ ಮೇಲಕ್ಕೆ ಏರುವುದು ಎಂದು ನಾವು ತಿಳಿದಿದ್ದೇವೆ. ಅದರ ನಿಜವಾದ ಸವಿ ಇರುವುದು ಅಡ್ಡ ಎಳೆಗಳಲ್ಲಿ, ಒಂದು ಮನೆಯ ಹೆಣ್ಣುಮಗಳು ಇನ್ನೊಂದು ಮನೆಯ ಹೊಸ್ತಿಲು ದಾಟಿದ ಜಾಗದಲ್ಲಿ. ಕೆ.ಆರ್. ನಗರದ ಗದ್ದೆ ಬಯಲಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿನ ಹಾಲೆಲ್ಲ ಗೆಣ್ಣುಗಳ ನಡುವೆಯೇ ತುಂಬಿರುತ್ತದೆ. ಆದರೆ ನೆಡುವಾಗ ಅವನು ಹುಡುಕುವುದು ಗೆಣ್ಣಿನ ಕಣ್ಣನ್ನು. ಹೊಸ ಪೈರು ಒಡೆಯುವುದು ಅಲ್ಲಿಂದಲೇ.

ಈ ಸೀಮೆಯಲ್ಲಿ ಅಂಥ ಗೆಣ್ಣೊಂದು ಕಲ್ಲಿನಲ್ಲಿ ಉಳಿದಿದೆ. ಎಚ್.ಡಿ. ಕೋಟೆ ತಾಲ್ಲೂಕಿನ ಬೆಳತೂರಿನ ಶಾಸನ 1057ರದ್ದು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚಾದ ಮೇಲೆ ಕನ್ನಡದ ವಿದ್ವಾಂಸರು ಅದನ್ನು ಮತ್ತೆ ಮತ್ತೆ ಓದಿ ಮೆಚ್ಚಿದ್ದಾರೆ. ದೇಕಬ್ಬೆ ಎಂಬ ಹೆಣ್ಣುಮಗಳ ಕಥೆ ಅದು. ಅವಳು ನುಗುನಾಡಿನ ಒಡೆಯ ರವಿಗನ ಮಗಳು, ನವಿಲೆನಾಡಿನ ಏಚನ ಹೆಂಡತಿ. ಏಚ ಮಲ್ಲಗಾಳಗದಲ್ಲಿ ದಾಯಾದಿಯೊಬ್ಬನನ್ನು ಕೊಂದ. ಅರಸ ಅವನನ್ನು ತಲಕಾಡಿಗೆ ಒಯ್ಯಿಸಿ ಕೊಲ್ಲಿಸಿದ. ಸುದ್ದಿ ಕೇಳಿದ ದೇಕಬ್ಬೆ, ಹೆತ್ತವರು ಎಷ್ಟು ಬೇಡಿಕೊಂಡರೂ ಕೇಳದೆ ಬೆಂಕಿ ಹೊಕ್ಕಳು. ಆ ಸಾವನ್ನು ಇಂದು ಯಾರೂ ಹೊಗಳಬೇಕಾಗಿಲ್ಲ. ಮಗಳನ್ನು ತಡೆಯಲು ನಿಂತ ತಂದೆ ತಾಯಿಯ ಸಂಕಟ ಮಾತ್ರ ಸುಮಾರು ಸಾವಿರ ವರ್ಷದ ಆಚೆಯಿಂದಲೂ ಓದುವವರ ಎದೆಗೆ ತಾಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವ ಇನ್ನೊಂದು ಸಂಗತಿಯೂ ಅಲ್ಲಿದೆ. ಹುಟ್ಟಿದ ಮನೆ ಯಾವುದು, ಕೊಟ್ಟ ಮನೆ ಯಾವುದು ಎಂಬ ಎರಡನ್ನೂ ಹೇಳದೆ ಆ ಕಲ್ಲು ಹೆಣ್ಣುಮಗಳ ಗುರುತು ಹೇಳಿಲ್ಲ. ನಾವು ಮನೆಯ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕುವ ಎಷ್ಟೋ ವಂಶವೃಕ್ಷಗಳಲ್ಲಿ ಇಷ್ಟು ಪೂರ್ಣವಾದ ಮಾಹಿತಿ ಇರುವುದಿಲ್ಲ.

ಕಲ್ಲಿನ ಜೊತೆಗೆ ಬಾಯಿಯೂ ಇತ್ತು. ಒಕ್ಕಲು ಮನೆಗಳ ವಂಶಾವಳಿಯನ್ನು ಹೇಳುವುದನ್ನೇ ಕಸುಬಾಗಿ ಉಳಿಸಿಕೊಂಡು ಬಂದವರು ಹೆಳವರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ, ಬಳ್ಳಾರಿ ಮತ್ತು ಮೈಸೂರು ಸೀಮೆಗಳಲ್ಲಿ ಊರಿನ ಚರಿತ್ರೆಯನ್ನು ಕಾಪಾಡುವವರೆಂದು ಇವರನ್ನು ವರ್ಣಿಸಿದ್ದಾರೆ. ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು ಹೆಳವ ಊರಿಗೆ ಬರುತ್ತಿದ್ದ. ಮನೆ ಮನೆಯ ಮುಂದೆ ನಿಂತು ಆ ಮನೆಯ ಹಿರೀಕರ ಹೆಸರು, ಕಾಳಗದಲ್ಲಿ ಮಡಿದವರ ಹೆಸರು ಹೇಳುತ್ತಿದ್ದ. ಆ ಗಳಿಗೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಣಜದ ಕಾಳು ಮೊರಕ್ಕೆ ಬಂದಿದೆ. ಮನೆಯ ಯಜಮಾನ ಕೈಕಟ್ಟಿ ನಿಂತಿದ್ದಾನೆ. ತನಗೇ ಗೊತ್ತಿಲ್ಲದ ತನ್ನ ಮುತ್ತಾತನ ಹೆಸರು ಬೇರೆಯವನ ಬಾಯಿಂದ ಲಯವಾಗಿ ಇಳಿದು ಬರುತ್ತಿದೆ. ಬಾಗಿಲ ಮರೆಯಲ್ಲಿ ಹೆಂಗಸರು, ಮಕ್ಕಳು. ಓದು ಬರಹ ಕಾಣದ ಮನೆಗೂ ತನ್ನದೇ ಚರಿತ್ರೆ ಇದೆ ಎಂದು ಊರ ನಡುವೆ ಗಟ್ಟಿ ದನಿಯಲ್ಲಿ ಸಾರಿದವನು ಹೆಳವ. ಅರಸರಿಗೆ ಆಸ್ಥಾನ ಕವಿ ಮಾಡಿದ ಕೆಲಸವನ್ನು ರಾಗಿ ಬೆಳೆಯುವವನಿಗೆ ಇವನು ಮಾಡಿದ. ಅದಕ್ಕೆ ಸಿಕ್ಕ ಕಾಳು, ಬಟ್ಟೆ ಕಡಿಮೆಯೇ ಆಯಿತು.

ಇನ್ನು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ ಬರೋಣ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಕೆಳಗಿನ ಈ ಊರು ಸಂಕೇತಿ ಬ್ರಾಹ್ಮಣರ ಹಳೆಯ ನೆಲೆ. ಕೌಶಿಕ, ಬೆಟ್ಟದಪುರ, ಲಿಂಗದಹಳ್ಳಿ ಎಂದು ಅವರಲ್ಲಿ ಪಂಗಡಗಳಿವೆ. ತೆಂಕಾಸಿಯ ಹತ್ತಿರದ ಸೆಂಗೋಟೆಯ ಕಡೆಯಿಂದ ಘಟ್ಟ ಕಾಡು ದಾಟಿ ಬಂದವರು ಎಂಬುದು ಅವರ ನೆನಪು. ಮನೆಯೊಳಗೆ ಆಡುವ ಮಾತಿನಲ್ಲಿ ತಮಿಳು ಇದೆ, ಮಲಯಾಳದ ಛಾಯೆ ಇದೆ, ಶತಮಾನಗಳ ಕಾಲ ಹೀರಿಕೊಂಡ ಕನ್ನಡ ಇದೆ. ಬರೆಯಬೇಕಾದರೆ ಕನ್ನಡ ಲಿಪಿಯೇ. ಈ ಮಾತನ್ನು ಯಾವ ಶಾಲೆಯೂ ಕಲಿಸಲಿಲ್ಲ. ಅಡುಗೆಮನೆಯಲ್ಲಿ ತಾಯಂದಿರು ಮಕ್ಕಳಿಗೆ ಉಣಿಸುತ್ತ ಉಣಿಸುತ್ತ ದಾಟಿಸಿದ್ದು ಅದು.

ಉಪನಯನವಾದ ಸಂಕೇತಿ ಹುಡುಗ ಹಿರಿಯರ ಮುಂದೆ ಎರಡೂ ಕಿವಿ ಹಿಡಿದು ಬಾಗಿ ಪ್ರವರ ಹೇಳುತ್ತಾನೆ. ಋಷಿಗಳ ಹೆಸರು, ಗೋತ್ರ, ಸೂತ್ರ, ಶಾಖೆ, ಕೊನೆಗೆ ತನ್ನ ಹೆಸರು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಾದ ವಿಳಾಸ ಅದು. ಅದರಲ್ಲಿ ಬರುವುದು ಗಂಡಸರ ಸಾಲು ಮಾತ್ರ. ಆದರೆ ತಾವು ಯಾರು, ಎಲ್ಲಿಂದ ಬಂದೆವು ಎಂದು ಸಂಕೇತಿ ಮನೆಗಳು ಹೇಳಿಕೊಳ್ಳುವ ಮೂಲಕಥೆಯ ನಡುವೆ ನಿಂತಿರುವವಳು ಒಬ್ಬ ಹೆಂಗಸು, ನಾಚಾರಮ್ಮ. ಪಂಡಿತರಿಗೆ ಸಮನಾಗಿ ಶಾಸ್ತ್ರ ಬಲ್ಲವಳು, ಅವಮಾನವಾದಾಗ ಸಹಿಸದೆ ಊರು ಬಿಟ್ಟು ಹೊರಟವಳು. ಅವಳ ಹಿಂದೆ ಹೊರಟ ಸಂಸಾರಗಳೇ ಸಂಕೇತಿಗಳಾದವು ಎನ್ನುತ್ತದೆ ಕಥೆ. ವಿವರಗಳು ಮನೆಯಿಂದ ಮನೆಗೆ ಬೇರೆಯಾದರೂ ನಾಚಾರಮ್ಮ ಮಾತ್ರ ಎಲ್ಲ ಕಡೆಯೂ ಇದ್ದಾಳೆ. ಪ್ರವರದಲ್ಲಿ ಜಾಗ ಸಿಗದವಳು ಜನಾಂಗದ ನೆನಪಿನಲ್ಲಿ ಮೊದಲ ಮಣೆಯಲ್ಲಿ ಕೂತಿದ್ದಾಳೆ.

ಶ್ರಾದ್ಧದ ಕ್ರಮದಲ್ಲೂ ಇಂಥ ಒಂದು ಕಿಟಕಿ ತೆರೆದಿದೆ. ಮಹಾಲಯ ಪಕ್ಷದ ತರ್ಪಣದಲ್ಲಿ ತಂದೆಯ ಕಡೆಯ ಮೂರು ತಲೆಮಾರಿನ ಜೊತೆಗೆ ತಾಯಿಯ ತಂದೆ, ಅವರ ತಂದೆ, ತಾತ ಎಂದು ತವರಿನ ಮೂರು ತಲೆಮಾರಿಗೂ ಎಳ್ಳುನೀರು ಸಲ್ಲುತ್ತದೆ. ಅಜ್ಜಿಯರ ಹೆಸರೂ ಬರುತ್ತದೆ. ಡಲ್ಲಾಸ್‌ನಲ್ಲೋ ಮೆಲ್ಬರ್ನ್‌ನಲ್ಲೋ ಕೂತ ಮಗ ಅಮಾವಾಸ್ಯೆಯ ಹಿಂದಿನ ರಾತ್ರಿ ಊರಿಗೆ ಫೋನು ಮಾಡಿ, “ಅಮ್ಮ, ನಿಮ್ಮಜ್ಜಿ ಹೆಸರು ಏನು?” ಎಂದು ಕೇಳುವುದುಂಟು. ಅಲ್ಲಿಯವರೆಗೆ ಅವನು ಕೇಳಿರದ ಒಂದು ಹೆಸರು ಆ ರಾತ್ರಿ ಸಾಗರ ದಾಟುತ್ತದೆ.

ಒಕ್ಕಲು ಮನೆಗಳಲ್ಲಿ ದೂರ ಹೋದವರಿಗೆ ಹೀಗೆ ನೆಂಟಸ್ತನ ನೆನಪಿಸುವ ಕೆಲಸ ಮಾಡುವುದು ಮನೆದೇವರು. ಒಂದೇ ಮನೆದೇವರಿಗೆ ನಡೆದುಕೊಳ್ಳುವ ಒಂದೇ ಬೆಡಗಿನವರು ಅಣ್ಣತಮ್ಮಂದಿರು. ಅವರಲ್ಲಿ ಹೆಣ್ಣು ಕೊಟ್ಟು ತರುವಂತಿಲ್ಲ. ಹೊರದೇಶಕ್ಕೆ ಹೋದವರು ಮಗುವಿನ ಮುಡಿ ತೆಗೆಸಲು ಕೆ.ಆರ್. ನಗರದ ಕಡೆಯ ಕಪ್ಪಡಿಗೋ ಚುಂಚನಕಟ್ಟೆಗೋ ಬಂದಾಗ, ಪರವಿಗೆ ಸೇರಿದ ಜನರ ನಡುವೆ ಕಳೆದುಹೋದ ಕವಲೊಂದು ಎದುರಾಗುತ್ತದೆ. ಊಟದ ಸಾಲಿನಲ್ಲಿ ಪಕ್ಕ ಕೂತವರು ತಾಯಿ ಕಡೆಯಿಂದ ಅಣ್ಣ, ಹೆಂಡತಿ ಕಡೆಯಿಂದ ಭಾವ. ಸೋದರಮಾವನ ಮಗಳನ್ನೋ ಅತ್ತೆಯ ಮಗನನ್ನೋ ಮದುವೆಯಾಗುತ್ತ ಬಂದ ಈ ಸೀಮೆಯಲ್ಲಿ ಒಂದು ಮನೆಗೆ ಎರಡು ಮೂರು ದಾರಿ ಇರುತ್ತವೆ. ಯಾವ ದಾರಿ ಹಿಡಿದು ಕರೆಯಬೇಕು ಎಂದು ಇಬ್ಬರೂ ನಕ್ಕು ತೀರ್ಮಾನ ಮಾಡಿಕೊಳ್ಳುವುದರಲ್ಲೇ ಅರ್ಧ ಸುಖ.

ಪರದೇಶದಲ್ಲಿ ಈಗ ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿ ನೆಂಟರನ್ನು ಹುಡುಕುವ ರೂಢಿ ಬೆಳೆದಿದೆ. ತಲೆಮಾರುಗಟ್ಟಲೆ ಒಳಗೊಳಗೇ ಕೊಟ್ಟು ತಂದ ಜನರಲ್ಲಿ ಆ ಲೆಕ್ಕ ದೂರದವರನ್ನೂ ಹತ್ತಿರದವರಂತೆ ತೋರಿಸುತ್ತದೆ. ಹಂಚಿಕೊಂಡ ಅಂಶ ಹಲವು ದಾರಿಗಳಿಂದ ಬಂದು ಕೂಡಿರುತ್ತದೆ. ಸಂಬಂಧ ಇದೆ ಎಂದು ಯಂತ್ರ ಹೇಳೀತು. ಯಾವ ಹಳ್ಳಿಯ ಯಾವ ಮನೆಯಿಂದ ಯಾರನ್ನು ತಂದದ್ದರಿಂದ ಈ ಸಂಬಂಧ ಬಂತು ಎಂದು ಹೇಳಲು ಜಗುಲಿಯ ಅಜ್ಜಿಯೇ ಬೇಕು.

ಇದೇ ನೆಲದ ಮೇಲೆ ಬೇರೆ ಬಗೆಯ ಎಳೆಗಳೂ ಇವೆ. ಬೈಲಕುಪ್ಪೆಯಲ್ಲಿ 1961ರಲ್ಲಿ ಲುಗ್ಸುಂಗ್ ಸಂದುಪ್ಲಿಂಗ್, 1969ರಲ್ಲಿ ಡಿಕ್ಕಿ ಲಾರ್ಸೊ, ಹುಣಸೂರಿನ ಗುರುಪುರದಲ್ಲಿ 1972ರಲ್ಲಿ ರಬ್ಗೇಲಿಂಗ್ ಎಂಬ ಟಿಬೆಟನ್ ನಿರಾಶ್ರಿತರ ಶಿಬಿರಗಳು ಎದ್ದವು. ಕಾಡು ಕಡಿದು ಮುಸುಕಿನ ಜೋಳ ಬೆಳೆದ ಆ ಜನರಲ್ಲಿ ಹೆಚ್ಚಿನವರಿಗೆ ಮನೆತನದ ಅಡ್ಡಹೆಸರಿಲ್ಲ. ಹೆಸರಿಡುವುದು ಲಾಮಾ; ಅಣ್ಣತಂಗಿಯರ ಹೆಸರು ನೋಡಿ ಒಡಹುಟ್ಟಿದವರೆಂದು ಹೇಳಲಾಗದು. ಅವರಿಗೆ ಕೊಂಡಿಯಾದದ್ದು ಊರು. ಬೈಲಕುಪ್ಪೆಯ ಸೆರಾ ಮಠದಲ್ಲಿ ಭಿಕ್ಷುಗಳು ಇರುವ ಖಂಗ್‌ತ್ಸೆನ್‌ಗಳು ಟಿಬೆಟ್‌ನ ಪ್ರಾಂತ್ಯಗಳ ಪ್ರಕಾರ ಬಂದವು. ಹಿಮಾಲಯ ದಾಟಿ ಒಂಟಿಯಾಗಿ ಬಂದ ಹುಡುಗನಿಗೂ ತನ್ನ ಸೀಮೆಯ ಮಾತಾಡುವವರ ಮನೆ ಅಲ್ಲಿ ಸಿಕ್ಕಿತು. 1960ರ ದಶಕದಲ್ಲಿ ಸ್ವಿಟ್ಜರ್‌ಲೆಂಡ್ ಟಿಬೆಟನ್ನರನ್ನು ಬರಮಾಡಿಕೊಂಡಿತು. 1990ರ ಅಮೆರಿಕದ ಕಾಯ್ದೆ ಭಾರತ, ನೇಪಾಳದಲ್ಲಿದ್ದ 1000 ಟಿಬೆಟನ್ನರಿಗೆ ವೀಸಾ ಕೊಟ್ಟಿತು. ಇಂದು ಟೊರಾಂಟೊದ ಪಾರ್ಕ್‌ಡೇಲ್‌ನಲ್ಲಿ ಇಬ್ಬರು ಟಿಬೆಟನ್ನರು ಭೇಟಿಯಾದರೆ, ತಾವೇ ಕಂಡಿರದ ಟಿಬೆಟ್ಟಿನ ಹಳ್ಳಿಯ ಜೊತೆಗೆ ಬೈಲಕುಪ್ಪೆಯ ಶಿಬಿರದ ಹೆಸರೂ ಗುರುತಿಗೆ ಬರುತ್ತದೆ. ನಮ್ಮ ಪಿರಿಯಾಪಟ್ಟಣ ತಾಲ್ಲೂಕು ಬೇರೆ ಖಂಡದ ಮಕ್ಕಳಿಗೆ ಅಜ್ಜಿಯ ಊರಾಗಿದೆ.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು ಗುಜರಾತಿಯ, ಮೇವಾರ, ಕಾಳಿವಾಲ, ಪನ್ವಾರ ಎಂಬ ಕುಲಗಳ ಹೆಸರಿನಲ್ಲೇ ತಾವು ಬಂದ ದಾರಿಯ ಗುರುತು ಇಟ್ಟುಕೊಂಡವರು. ಅವರ ವಾಗ್ರಿ ಮಾತು ಗುಜರಾತಿಗೆ ಹತ್ತಿರ. ಗಿಡಮೂಲಿಕೆಯ ತಲೆಗೂದಲ ಎಣ್ಣೆ ಮಾರುತ್ತ ಅವರು ಆಫ್ರಿಕಾದ ದೇಶಗಳವರೆಗೆ ಹೋಗುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್ ಹೊತ್ತಿ ಉರಿದಾಗ ಅಲ್ಲಿ ಸಿಲುಕಿದ್ದವರ ಸುದ್ದಿ ಈ ಹಳ್ಳಿಗೆ ತಲುಪಿದ್ದು ಫೋನಿನಲ್ಲಿ, ನೆಂಟರಿಂದ ನೆಂಟರಿಗೆ. ಅವರನ್ನು ಕರೆತಂದ ಸರ್ಕಾರದ ಕಾರ್ಯಾಚರಣೆಗೆ ಕಾವೇರಿಯ ಹೆಸರೇ ಇತ್ತು.

ಕೊನೆಗೆ ಒಂದು ಒಣ ಕಾಗದದ ಮಾತು. ಯಜಮಾನ ತೀರಿಕೊಂಡ ಮೇಲೆ ಪೌತಿ ಖಾತೆಗೆ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಬೇಕು. ಹಿಂದೆ ಮನೆಗಳಲ್ಲಿ ಬರೆದಿಟ್ಟ ವಂಶವೃಕ್ಷದಲ್ಲಿ ಗಂಡುಮಕ್ಕಳ ಕೊಂಬೆಗಳಷ್ಟೇ ಬೆಳೆಯುತ್ತಿದ್ದವು. ಹೆಣ್ಣುಮಕ್ಕಳಿಗೆ ಒಂದು ಗೆರೆ, ಅಲ್ಲಿಗೆ ಮುಗಿಯಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲಿ, ದೇಶ 2005ರಲ್ಲಿ ಕಾಯ್ದೆ ತಿದ್ದಿದ ಮೇಲೆ ನಾಡಕಚೇರಿಯ ಆ ಹಾಳೆಯಲ್ಲಿ ಮಗಳ ಹೆಸರು ಅಣ್ಣತಮ್ಮಂದಿರ ಸಾಲಿನಲ್ಲೇ ಕೂತಿದೆ. ಬೆಳತೂರಿನ ಕಲ್ಲು ಕಂಡಿದ್ದನ್ನು ಕಾನೂನು ತಡವಾಗಿ ಕಂಡಿತು. ತಡವಾದರೂ ಒಳ್ಳೆಯದಾಯಿತು.

ಇದನ್ನು ಓದುವವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ವಂಶವೃಕ್ಷ ಬರೆಯುವಾಗ ಮಗಳ ಹೆಸರಿನ ಮುಂದೆ ಕೊಟ್ಟ ಊರು, ಸೊಸೆಯ ಹೆಸರಿನ ಮುಂದೆ ತಂದ ಊರು ಬರೆಯಿರಿ. ಮಗಳ ಮಕ್ಕಳು ಈಗ ಯಾವ ದೇಶದಲ್ಲಿದ್ದಾರೆ ಎಂದೂ ಬರೆಯಿರಿ. ಆ ಎರಡು ಊರುಗಳ ಹೆಸರು ಮನೆಯ ಹಿರಿಯ ಹೆಂಗಸಿಗೆ ಗೊತ್ತಿರುತ್ತದೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಿ.